ಪುರಾತನ ಕಲ್ಲಿನ ಮೊನೆಗಳು: ಅವುಗಳ ಗುರುತು ಮತ್ತು ರಚನೆ

ಮಿರಜಿನ ಪ್ರಾಚೀನತೆಯನ್ನು ಕುರಿತು ಬರೆಯಹೊರಟವರು ಬಹುಮಟ್ಟಿಗೆ ಎಲ್ಲರೂ ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ತಾಮ್ರಪಟಗಳಿಂದ ಆರಂಭಿಸುವರು. ಅದು ಉಚಿತವೇ. ಶಕವರ್ಷ 946, ಅಂದರೆ ಕ್ರಿ.ಶ. 1024ರ ಆ ಪಟಗಳು ಈ ಊರಿನ ಹೆಸರಿನಿಂದಲೇ ಇತಿಹಾಸಜ್ಞರಲ್ಲಿ ಪ್ರಸಿದ್ಧವಾಗಿವೆ. ಆದರೆ ಸಾವಿರ ವರ್ಷಗಳ ಲೆಕ್ಕ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಇನ್ನೂ ಒಂದು ಸಾವಿರ, ಒಂದೂವರೆ ಸಾವಿರ ವರ್ಷ ಹಿಂದೆ ಸರಿದರೆ ಅಕ್ಷರದ ಆಸರೆಯೇ ತಪ್ಪಿಹೋಗುವದು. ಆಗ ಇತಿಹಾಸವೂ ನಿಂತಿತೆಂದು ತಿಳಿಯಲಾಗದು. ಅಕ್ಷರವನ್ನೂ ಲೋಹವನ್ನೂ ಅರಿಯದ ಜನರು ಈ ನದೀಕೊಳ್ಳಗಳಲ್ಲಿ ಲಕ್ಷಾಂತರ ವರ್ಷ ಬಾಳಿದರು, ಬೇಟೆಯಾಡಿದರು, ಮಕ್ಕಳನ್ನು ಸಾಕಿದರು. ಅವರ ಮರದ ಸಾಮಾನುಗಳು ಗೆದ್ದಲಿಗೆ ಹೋದವು, ತೊಗಲು ಕೊಳೆತುಹೋಯಿತು. ಉಳಿದದ್ದು ಅವರು ಒಡೆದ ಕಲ್ಲು ಒಂದೇ. ಆ ಕಲ್ಲನ್ನು ಗುರುತಿಸುವದು ಹೇಗೆ, ಅವರು ಅದನ್ನು ಮಾಡಿದ್ದು ಹೇಗೆ ಎಂಬದನ್ನು ನಮ್ಮ ಓದುಗರ ಮುಂದಿಡುವದೇ ಈ ಲೇಖನದ ಉದ್ದೇಶ.

ಮೊನೆಯಿದ್ದ ಕಲ್ಲೆಲ್ಲ ಬಾಣದ ಮೊನೆಯಲ್ಲ, ಇದನ್ನು ಮೊದಲೇ ಹೇಳಿಬಿಡುವದು ಒಳ್ಳೆಯದು. ಬಿಸಿಲಿಗೆ ಕಾದು ಮಳೆಗೆ ತೊಯ್ದು ಕಲ್ಲು ತಾನೇ ಸೀಳುವದು. ಪ್ರವಾಹದಲ್ಲಿ ಉರುಳುವ ಗುಂಡುಗಳು ಒಂದಕ್ಕೊಂದು ತಾಗಿ ಒಡೆಯುವವು. ಚಕ್ಕಡಿಯ ಗಾಲಿ, ನೇಗಿಲಿನ ಕುಳ, ಟ್ರ್ಯಾಕ್ಟರು, ಇವೆಲ್ಲ ಕಲ್ಲೊಡೆಯುವ ಸಾಧನಗಳೇ. ಮಿರಜ ಜಂಕ್ಷನ್ನಿನ ಹಳಿಗಳ ನಡುವೆ ಹರಡಿದ ಕರಿಯ ಜಲ್ಲಿಯನ್ನು ಕೆದಕಿದರೆ ಈಟಿಯ ಮೊನೆಯಂತೆ ಕಾಣುವ ಹತ್ತು ಚೂರುಗಳನ್ನು ಯಾರಾದರೂ ಆರಿಸಿ ತೆಗೆಯಬಹುದು. ಅವು ಯಾವ ಬೇಟೆಗಾರನೂ ಮಾಡಿದವಲ್ಲ. ಆದುದರಿಂದ ಆಕಾರವನ್ನು ನೋಡಿ ಮರುಳಾಗದೆ, ಕಲ್ಲಿನ ಮೇಲೆ ಬಿದ್ದ ಪೆಟ್ಟಿನ ಗುರುತನ್ನು ಓದಲು ಕಲಿಯಬೇಕು. ಇದಕ್ಕೂ ಒಂದು ವ್ಯಾಕರಣವುಂಟು.

ಅದಕ್ಕಿಂತ ಮುಂಚೆ ನಮ್ಮ ನೆಲದ ಕಲ್ಲನ್ನು ಅರಿಯಬೇಕು. ಸಾಂಗ್ಲಿ, ಮಿರಜ, ತಾಸಗಾಂವ, ಜತ್ತ, ಹೀಗೆ ನಮ್ಮ ಸುತ್ತಿನ ಪ್ರದೇಶವೆಲ್ಲ ಬಸಾಲ್ಟ್ ಎಂಬ ಕರಿಗಲ್ಲಿನ ನಾಡು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಪದರು ಪದರಾಗಿ ಹೆಪ್ಪುಗಟ್ಟಿ ಈ ಕಲ್ಲಾಯಿತು. ದಂಡೋಬಾ ಗುಡ್ಡವೂ ಇದೇ, ನಮ್ಮ ಎರೆಮಣ್ಣೂ ಇದೇ ಕಲ್ಲು ಸವೆದು ಆದದ್ದು. ಕರಿಗಲ್ಲು ಗುಡಿ ಕಟ್ಟಲು, ಬೀಸುವ ಕಲ್ಲಿಗೆ ಉತ್ತಮವಾದರೂ ಅದರಿಂದ ಚಿಕ್ಕ ಹರಿತವಾದ ಮೊನೆಯನ್ನು ತೆಗೆಯುವದು ಕಷ್ಟ. ತೆಗೆದರೂ ಕಾಲಾಂತರದಲ್ಲಿ ಅದರ ಅಂಚು ಪುಡಿಯಾಗುವದು. ಆದರೆ ಈ ಕರಿಗಲ್ಲಿನ ಹೊಟ್ಟೆಯಲ್ಲಿಯೇ ಇನ್ನೊಂದು ಕಲ್ಲು ಅಡಗಿದೆ. ಲಾವಾ ಆರುವಾಗ ಒಳಗಿನ ಅನಿಲದಿಂದ ಗುಳ್ಳೆಗಳಂಥ ಪೊಳ್ಳುಗಳು ಉಂಟಾದವು. ಮುಂದೆ ಸಿಲಿಕಾ ಬೆರೆತ ನೀರು ಆ ಪೊಳ್ಳುಗಳಲ್ಲಿಯೂ ಬಿರುಕುಗಳಲ್ಲಿಯೂ ಜಿನುಗಿ, ಪದರುಗಟ್ಟಿ, ಅಕೀಕು, ಕ್ಯಾಲ್ಸಿಡೊನಿ, ಜಾಸ್ಪರ್ ಮೊದಲಾದ ನುಣುಪು ಕಲ್ಲುಗಳಾದವು. ಹಾಲಿನ ಬಣ್ಣದ್ದು, ಜೇನಿನ ಬಣ್ಣದ್ದು, ರಕ್ತಗೆಂಪಿನದು, ಉಂಗುರಗಳುಳ್ಳದ್ದು ಎಂದು ಹಲವು ತರ. ನಮ್ಮ ಅಜ್ಜಂದಿರು ಉಕ್ಕಿನ ತುಂಡಿಗೆ ಹೊಡೆದು ಕಿಡಿ ಎಬ್ಬಿಸುತ್ತಿದ್ದ ಚಕಮಕಿ ಕಲ್ಲು ಈ ಬಳಗದ್ದೇ.

ಕರಿಗಲ್ಲು ಸವೆದಂತೆ ಈ ಗಟ್ಟಿ ಹರಳುಗಳು ಕಳಚಿ ಹಳ್ಳಕ್ಕೆ ಬೀಳುವವು, ಹಳ್ಳದಿಂದ ಹೊಳೆಗೆ ಸೇರುವವು. ಕರಾಡದಲ್ಲಿ ಕೊಯ್ನೆಯನ್ನೂ, ನಮ್ಮ ಹರಿಪುರದಲ್ಲಿ ವಾರಣೆಯನ್ನೂ, ನರಸೋಬಾನ ವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಮೂಡಲಕ್ಕೆ ಹರಿಯುವ ಕೃಷ್ಣೆ ಈ ಹರಳುಗಳನ್ನು ಕರಿಗಲ್ಲು ಇಲ್ಲದ ದೂರದ ಸೀಮೆಗಳಿಗೂ ಒಯ್ದಿದ್ದಾಳೆ. ರಾಯಚೂರು ದೋಆಬದ ಕಡೆಗೆ ನದಿಯ ಗರಸಿನಲ್ಲಿ ದೊರೆಯುವ ಅಕೀಕಿನ ಗುಂಡುಗಳ ತವರುಮನೆ ಮೇಲಿನ ಈ ಲಾವಾ ನಾಡೇ. ಕಲ್ಲಿನ ಆಯುಧಗಳ ಅಭ್ಯಾಸದಲ್ಲಿ ಇದು ಬಹು ಮುಖ್ಯವಾದ ಮಾತು. ಬಾದಾಮಿ, ಬಾಗಲಕೋಟೆಗಳ ಕಡೆಗೆ ಬೆಣಚಿನಂಥ ಗಟ್ಟಿ ಮರಳುಗಲ್ಲು ಹೇರಳ. ಅಂತೆಯೇ ಅಲ್ಲಿ ಅಂಗೈಗಿಂತ ದೊಡ್ಡವಾದ ಕೈಗೊಡಲಿಗಳು ಸಿಕ್ಕುವವು. ಅಕೀಕಿನ ಗುಂಡು ಬಹುಶಃ ನಿಂಬೆಹಣ್ಣಿನಷ್ಟು, ಹೆಚ್ಚೆಂದರೆ ತೆಂಗಿನಕಾಯಿಯಷ್ಟು. ಅದರಿಂದ ಆಗುವ ಆಯುಧ ಬೆರಳಿನ ಒಂದೆರಡು ಗೆಣ್ಣುಗಳಷ್ಟೇ. ಕುಶಲಕರ್ಮಿಯ ಕೈಯನ್ನು ಕಲ್ಲಿನ ಜಾತಿಯೇ ಎಷ್ಟೋ ಮಟ್ಟಿಗೆ ನಿಯಮಿಸುವದು.

ಇನ್ನು ವ್ಯಾಕರಣದ ಮಾತು. ಕಿಟಕಿಯ ದಪ್ಪ ಗಾಜಿಗೆ ಚಿಕ್ಕ ಹರಳು ವೇಗವಾಗಿ ಬಡಿದಾಗ ಆಗುವ ತೂತನ್ನು ಗಮನಿಸಿರಿ. ಪೆಟ್ಟು ಬಿದ್ದ ಬದಿಗೆ ತೂತು ಸಣ್ಣದು, ಹಿಂಬದಿಗೆ ಅಗಲವಾದದ್ದು. ಪೆಟ್ಟಿನ ಬಲವು ಗಾಜಿನೊಳಗೆ ಶಂಕುವಿನಂತೆ ಹರಡುತ್ತ ಹೋಗುವದೇ ಇದಕ್ಕೆ ಕಾರಣ. ಒಳಗೆ ಪದರು, ಎಳೆ, ಕಾಳು ಇಲ್ಲದ ಯಾವ ಗಟ್ಟಿ ವಸ್ತುವಾದರೂ ಹೀಗೆಯೇ ಒಡೆಯುವದು. ಅಕೀಕು, ಚಕಮಕಿಗಳು ಈ ಗುಣದಲ್ಲಿ ಗಾಜಿನ ಒಡಹುಟ್ಟಿದವು. ಕಲ್ಲಿನ ಅಂಚಿಗೆ, ಲಂಬಕೋನಕ್ಕಿಂತ ಕಡಿಮೆ ಕೋನವಿರುವಲ್ಲಿ, ಸರಿಯಾದ ಪೆಟ್ಟು ಕೊಟ್ಟರೆ ಆ ಶಂಕುವಿನ ಒಂದು ಪಾಲು ಚಕ್ಕೆಯಾಗಿ ಎದ್ದು ಬರುವದು. ಕಲ್ಲಿನ ಯುಗದ ಸಮಸ್ತ ಕೈಗಾರಿಕೆಯೂ ಈ ಒಂದು ಸೂತ್ರದ ಮೇಲೆ ನಿಂತಿದೆ.

ಹೀಗೆ ಎದ್ದ ಚಕ್ಕೆಯನ್ನು ಕೈಯಲ್ಲಿ ಹಿಡಿದು ಓರೆ ಬಿಸಿಲಿನಲ್ಲಿ ಹೊರಳಿಸಿ ನೋಡಬೇಕು. ಅದರ ಒಂದು ತುದಿಯಲ್ಲಿ ಪೆಟ್ಟು ಬಿದ್ದ ಚಿಕ್ಕ ಸಮತಲವೊಂದು ಕಾಣುವದು. ಇದನ್ನು ಪೆಟ್ಟಿನ ಗದ್ದುಗೆ ಎನ್ನೋಣ. ಅದರ ಕೆಳಗೆ ಒಳಮೈಯಲ್ಲಿ ಗಲ್ಲದಂತೆ ಉಬ್ಬಿದ ಭಾಗವಿದೆ; ಇದು ಪೆಟ್ಟಿನ ಉಬ್ಬು. ಉಬ್ಬಿನಿಂದ ಕೆಳಗೆ, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ, ಬಳೆಬಳೆಯಾದ ತೆರೆಗಳು ಹರಡಿರುವವು. ಚಕ್ಕೆಯ ಹೊರಮೈಯಲ್ಲಿಯಾದರೋ, ಮೊದಲು ತೆಗೆದ ಚಕ್ಕೆಗಳ ಕುಳಿಗಳೂ ಅವುಗಳ ನಡುವಣ ಏಣುಗಳೂ ಇರುವವು. ಬಿಸಿಲಿಗೆ ಸೀಳಿದ ಕಲ್ಲಿಗೆ ಗದ್ದುಗೆಯೂ ಇಲ್ಲ, ಉಬ್ಬೂ ಇಲ್ಲ. ಹೊಳೆಯಲ್ಲಿ ತಾಗಿ ಒಡೆದ ಗುಂಡಿಗೆ ಒಮ್ಮೊಮ್ಮೆ ಉಬ್ಬು ಇರಬಹುದು. ಆದರೆ ಅದರ ಪೆಟ್ಟುಗಳು ಎತ್ತೆತ್ತಲೋ ಬಿದ್ದಿರುವವು, ಅವುಗಳಲ್ಲಿ ಕ್ರಮವಿರುವದಿಲ್ಲ. ಒಂದೇ ಅಂಚಿನ ಗುಂಟ, ಒಂದೇ ದಿಕ್ಕಿನಿಂದ, ಸರಿಸಮನಾದ ಅಂತರದಲ್ಲಿ ಸಣ್ಣ ಸಣ್ಣ ಚಕ್ಕೆಗಳು ಎದ್ದಿದ್ದರೆ ಅದು ನದಿಯ ಕೆಲಸವಲ್ಲ. ನದಿಗೆ ಪ್ರಯೋಜನದ ದೃಷ್ಟಿಯಿಲ್ಲ.

ಇನ್ನೊಂದು ಲಕ್ಷಣ ಕಲ್ಲಿನ ತೊಗಲು. ಸಾವಿರಾರು ವರ್ಷ ಮಣ್ಣಿನಲ್ಲಿ ಬಿದ್ದ ಕ್ಯಾಲ್ಸಿಡೊನಿಯ ಮೇಲೆ ಮಬ್ಬಾದ ಬಿಳಿಯ ಪೊರೆ ಕಟ್ಟುವದುಂಟು. ಕರಿಗಲ್ಲಿನ ಮೇಲೆ ಕಂದು ಬಣ್ಣದ ಸಿಪ್ಪೆ ಬರುವದು. ಚಕ್ಕೆಯೆದ್ದ ಕುಳಿಗಳ ಮೇಲೂ ಇದೇ ಪೊರೆ ಹಬ್ಬಿದ್ದರೆ ಆ ಪೆಟ್ಟು ಹಳೆಯದು. ಕುಳಿ ಮಾತ್ರ ಹೊಚ್ಚಹೊಸದಾಗಿ ಥಳಥಳಿಸುತ್ತಿದ್ದರೆ ಕಳೆದ ವರುಷದ ನೇಗಿಲನ್ನೇ ಸಂಶಯಿಸಬೇಕು.

ಮಾಡುವ ವಿಧಾನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯನು ಏರಿದ್ದು ನಿಜಕ್ಕೂ ಸೋಜಿಗವನ್ನುಂಟುಮಾಡುವದು. ಅತಿ ಪ್ರಾಚೀನರು ಒಂದು ಗುಂಡುಗಲ್ಲನ್ನೇ ಸುತ್ತಿಗೆ ಮಾಡಿಕೊಂಡು ಇನ್ನೊಂದು ಕಲ್ಲಿನ ಎರಡೂ ಬದಿಗೆ ಹೊಡೆದು ಕೈಗೊಡಲಿಯನ್ನು ರೂಪಿಸಿದರು. ಕಲ್ಲಿನ ಸುತ್ತಿಗೆಯ ಪೆಟ್ಟು ಆಳವಾದದ್ದು, ಒರಟಾದದ್ದು. ಮುಂದೆ ಜಿಂಕೆಯ ಕೊಂಬು, ಗಟ್ಟಿ ಮರ ಮೊದಲಾದ ಮೆದು ಸುತ್ತಿಗೆಗಳು ಬಂದವು. ಇವುಗಳಿಂದ ತೆಳುವಾದ, ಅಗಲವಾದ ಚಕ್ಕೆಗಳು ಏಳುವವು. ಅನಂತರದ ಹೆಜ್ಜೆಯೇ ಬುದ್ಧಿಯ ದೊಡ್ಡ ಹೆಜ್ಜೆ. ಚಕ್ಕೆಯನ್ನು ತೆಗೆದ ಮೇಲೆ ಅದನ್ನು ತಿದ್ದುವದಕ್ಕೆ ಬದಲಾಗಿ, ತೆಗೆಯುವ ಮೊದಲೇ ತಿರುಳುಗಲ್ಲಿನ ಮೈಯನ್ನು ಸುತ್ತಲೂ ಕೆತ್ತಿ ಅಣಿಗೊಳಿಸಿ, ಕೊನೆಯ ಒಂದೇ ಪೆಟ್ಟಿಗೆ ಬೇಕಾದ ಆಕಾರದ ಚಕ್ಕೆ, ಕೆಲವೊಮ್ಮೆ ಮುಕ್ಕೋನಾಕಾರದ ಮೊನೆಯೇ, ಉದುರುವಂತೆ ಮಾಡಿದರು. ಕಲ್ಲಿನಲ್ಲಿ ಇನ್ನೂ ಇಲ್ಲದ ವಸ್ತುವನ್ನು ಮನಸ್ಸಿನಲ್ಲಿ ಕಂಡವನಿಗೆ ಮಾತ್ರ ಇದು ಸಾಧ್ಯ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಈ ರೀತಿಯ ಕೆಲಸ ಸುಮಾರು 3,85,000 ವರ್ಷಗಳಷ್ಟು ಹಿಂದೆ ನಡೆದಿತ್ತೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ.

ಸಣ್ಣ ಮೊನೆಗಳ ಕಥೆ ಬೇರೆ. ಕುಶಲಕರ್ಮಿಯು ಮೊದಲು ಒಂದು ಅಕೀಕಿನ ಗುಂಡನ್ನು ಆರಿಸುವನು. ನಮ್ಮ ಮಿರಜಿನ ಸಿತಾರ ಮಾಡುವವರು ಒಣಗಿದ ಬುರುಡೆಯನ್ನು ಬೆರಳಿನಿಂದ ತಟ್ಟಿ ನಾದವನ್ನು ಆಲಿಸುವಂತೆ, ಕಲ್ಲೊಡೆಯುವವನೂ ಗುಂಡನ್ನು ತಟ್ಟಿ ನೋಡಿಯೇ ಕೆಲಸಕ್ಕೆ ತೊಡಗುವನು. ಖಣಖಣ ಎಂದರೆ ಒಳಗೆ ಬಿರುಕಿಲ್ಲ. ಮೊದ್ದು ದನಿ ಬಂದರೆ ಎಸೆಯತಕ್ಕದ್ದು. ಆಮೇಲೆ ಗುಂಡಿನ ಒಂದು ಬದಿಗೆ ಎಡಕ್ಕೂ ಬಲಕ್ಕೂ ಸಣ್ಣ ಪೆಟ್ಟು ಕೊಟ್ಟು ಮೇಲಿನಿಂದ ಕೆಳಕ್ಕೆ ಹಾವಿನ ಬೆನ್ನಿನಂಥ ಒಂದು ಏಣನ್ನು ಎಬ್ಬಿಸುವನು. ಆ ಏಣಿನ ನೆತ್ತಿಗೆ ಕೊಂಬಿನ ಉಳಿಯಿಟ್ಟು ಹೊಡೆದರೆ ಬಲವು ಏಣಿನ ಗುಂಟ ಇಳಿದು ಉದ್ದವಾದ, ಕಿರಿದಾದ ಅಲಗು ಕಳಚಿ ಬೀಳುವದು. ಅದು ಬಿದ್ದ ಸ್ಥಳದಲ್ಲಿ ಎರಡು ಹೊಸ ಏಣುಗಳು ಸಿದ್ಧವಾಗಿರುವವು. ಹೀಗೆ ಒಂದರ ಹಿಂದೊಂದರಂತೆ ಅಲಗುಗಳು ಬರುವವು, ಕೊನೆಗೆ ಉಳಿಯುವ ತಿರುಳುಗಲ್ಲು ಗೀರು ಗೀರಾದ ಮಲ್ಲಿಗೆಯ ಮೊಗ್ಗಿನಂತೆ ಕಾಣುವದು. ಹೊಲದಲ್ಲಿ ಇಂಥ ಮೊಗ್ಗು ಕಂಡವನು ಅಲಗು ಸಿಗದಿದ್ದರೂ ಸಂದೇಹಪಡಬೇಕಾಗಿಲ್ಲ.

ಅಲಗನ್ನು ಹಾಗೆಯೇ ಉಪಯೋಗಿಸಲು ಬಾರದು; ಬೆರಳು ಕೊಯ್ಯುವದು, ಹಿಡಿಯ ಮರವನ್ನೂ ಸೀಳುವದು. ಆದಕಾರಣ ಅದರ ಒಂದು ಅಂಚನ್ನು ಒತ್ತಿ ಒತ್ತಿ ಸಾಸಿವೆಯಷ್ಟು ಚಕ್ಕೆಗಳನ್ನು ಹಾರಿಸಿ ಬೇಕೆಂದೇ ಮೊಂಡುಮಾಡುವರು. ಅಂಚನ್ನು ಹರಿತಗೊಳಿಸುವದಲ್ಲ, ಮೊಂಡುಗೊಳಿಸುವದು ಕುಶಲತೆ ಎಂಬದು ವಿಚಿತ್ರವಾಗಿ ತೋರಬಹುದು. ಮೊಂಡುಬೆನ್ನಿನ ಮೊನೆ, ಅರ್ಧಚಂದ್ರ, ಮುಕ್ಕೋನ, ಚತುಷ್ಕೋನ ಇವೇ ಸೂಕ್ಷ್ಮ ಶಿಲಾಯುಧಗಳು. ಹಲವು ಒಂದರಿಂದ ಮೂರು ಸೆಂಟಿಮೀಟರ್ ಉದ್ದದವು. ಮೊಂಡಾದ ಬೆನ್ನನ್ನು ಬಿದಿರಿನ ಅಥವಾ ಎಲುಬಿನ ಸೀಳಿನಲ್ಲಿ ಮರದ ಅಂಟಿನಿಂದ ಕೂಡಿಸಿದರೆ ಬಾಣಕ್ಕೆ ಮೊನೆಯಾಯಿತು; ಸಾಲಾಗಿ ಕೂಡಿಸಿದರೆ ಕುಡುಗೋಲಿಗೆ ಅಲಗಾಯಿತು. ಒಂದು ಮುರಿದರೆ ಅದನ್ನಷ್ಟೇ ಕಿತ್ತು ಬೇರೆಯದನ್ನು ಹಚ್ಚಿದರಾಯಿತು. ಹುಲ್ಲು, ತೆನೆ ಕೊಯ್ದ ಅಲಗಿನ ಅಂಚಿಗೆ ಎಣ್ಣೆ ಸವರಿದಂಥ ಹೊಳಪು ಬರುವದು. ಅದು ತೊಳೆದರೂ ಹೋಗುವದಿಲ್ಲ.

ಈ ವಿದ್ಯೆ ಪೂರ್ಣವಾಗಿ ಅಳಿದಿಲ್ಲವೆಂಬದೂ ಸಂತೋಷದ ಸಂಗತಿ. ಗುಜರಾತದ ಖಂಭಾತದಲ್ಲಿ ಅಕೀಕಿನ ಮಣಿ ಮಾಡುವ ಮನೆತನಗಳಿವೆ. ಅಲ್ಲಿಯ ಕೆಲಸಗಾರನು ನೆಲದಲ್ಲಿ ಮೊನೆಯುಳ್ಳ ಕಬ್ಬಿಣದ ಸಲಾಕೆಯನ್ನು ಓರೆಯಾಗಿ ನೆಟ್ಟು, ಕಲ್ಲಿನ ಅಂಚನ್ನು ಆ ಮೊನೆಗೆ ಹಚ್ಚಿ ಹಿಡಿದು, ಬಳುಕುವ ಕಡ್ಡಿಗೆ ಸಿಕ್ಕಿಸಿದ ಕೊಂಬಿನ ಸುತ್ತಿಗೆಯಿಂದ ಇತ್ತ ಕಡೆ ಹೊಡೆಯುವನು. ಚಕ್ಕೆ ಅತ್ತ ಕಡೆ ಸಲಾಕೆಯ ಮೊನೆಯ ಹತ್ತಿರ ಏಳುವದು. ಕಲ್ಲನ್ನು ಮೊದಲು ನಿಧಾನವಾದ ಶಾಖದಲ್ಲಿ ಕಾಯಿಸುವದೂ ಉಂಟು. ಹೀಗೆ ಕಾಯಿಸಿದ ಕಲ್ಲಿನ ಬಣ್ಣ ಕೆಂಪೇರುವದಲ್ಲದೆ ಒಡೆಯಲು ಸುಲಭವೂ ಆಗುವದು. ಸಲಾಕೆ ಕಬ್ಬಿಣದ್ದು ನಿಜ. ಉಳಿದ ಕೈಚಳಕ ಕಬ್ಬಿಣಕ್ಕಿಂತ ಹಳೆಯದು.

ಉಜ್ಜಿ ನಯಗೊಳಿಸಿದ ಕೊಡಲಿಗಳ ವಿಷಯ ಇಲ್ಲಿ ಒಂದೇ ಮಾತಿನಲ್ಲಿ ಹೇಳಿ ಬಿಡುತ್ತೇನೆ. ಅವು ಕೃಷಿ ಆರಂಭವಾದ ನವಶಿಲಾಯುಗದವು. ಬಳ್ಳಾರಿಯ ಹತ್ತಿರ ಸಂಗನಕಲ್ಲಿನ ಗುಡ್ಡದಲ್ಲಿ ಡೋಲರೈಟ್ ಎಂಬ ಕರಿಯ ಕಲ್ಲನ್ನು ಒಡೆದು, ಕುಟ್ಟಿ, ಬಂಡೆಗೆ ಉಜ್ಜಿ ಕೊಡಲಿ ಮಾಡುವ ದೊಡ್ಡ ಕಾರ್ಯಾಗಾರವೇ ಇತ್ತು. ಉಜ್ಜಿದ ಬಂಡೆಗಳ ಮೇಲಿನ ತೋಡುಗಳನ್ನು ಈಗಲೂ ನೋಡಬಹುದು. ಹಿಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ತೇರದಾಳದಲ್ಲಿಯೂ ನವಶಿಲಾಯುಗದ ವಸತಿಯ ಕುರುಹುಗಳು ದೊರೆತಿವೆ.

ಈ ಶಾಸ್ತ್ರ ನಮ್ಮ ದೇಶದಲ್ಲಿ ಮೊಳೆತದ್ದು ಒಂದು ಜಲ್ಲಿಯ ಕುಣಿಯಲ್ಲಿ. 1863ನೆಯ ಇಸವಿಯ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಎಂಬವರು ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಅಂಥ ಕುಣಿಯೊಂದರಲ್ಲಿ ಮನುಷ್ಯನು ಕೆತ್ತಿದ ಕಲ್ಲನ್ನು ಗುರುತಿಸಿದರು. ಅದೇ ಫೂಟ್ ಮಹಾಶಯರು ಮುಂದೆ ನಮ್ಮ ಈ ಸೀಮೆಯನ್ನೇ ಸುತ್ತಿ, ದಕ್ಷಿಣ ಮರಾಠಾ ದೇಶವೆಂದು ಆಗ ಕರೆಯುತ್ತಿದ್ದ ಪ್ರದೇಶದ ಭೂರಚನೆಯನ್ನು ಕುರಿತ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು. ಗೋಕಾಕದ ಹತ್ತಿರ ಹಳ್ಳದ ದಂಡೆಯಲ್ಲಿ ಅವರಿಗೆ ಖಡ್ಗಮೃಗದ ಶಿಲೀಭೂತ ಎಲುಬುಗಳು ಸಿಕ್ಕವು! ಘಟಪ್ರಭೆಯ ತೀರದಲ್ಲಿ ಖಡ್ಗಮೃಗಗಳು ಮೇಯುತ್ತಿದ್ದ ಕಾಲವೊಂದಿತ್ತೆಂಬದನ್ನು ಮಕ್ಕಳಿಗೆ ಹೇಳಿದರೆ ನಂಬುವದಿಲ್ಲ. ಅನಂತರ ಆರ್. ವ್ಹಿ. ಜೋಶಿಯವರು ಮಲಪ್ರಭೆಯ ಕೊಳ್ಳವನ್ನು ಅಭ್ಯಸಿಸಿ ಬರೆದ ಗ್ರಂಥ 1955ರಲ್ಲಿಯೂ, ಆರ್. ಎಸ್. ಪಪ್ಪು ಅವರು ಮೇಲ್ಕೃಷ್ಣೆಯ ಕೊಳ್ಳವನ್ನು ಕುರಿತು ಬರೆದದ್ದು 1974ರಲ್ಲಿಯೂ ಹೊರಬಂದವು. ಕೆ. ಪದ್ದಯ್ಯನವರು ಯಾದಗಿರಿ ಜಿಲ್ಲೆಯ ಈಸಾಂಪುರದಲ್ಲಿ ಶೋಧಿಸಿದ ನೆಲೆ ಇವೆಲ್ಲಕ್ಕೂ ಶಿಖರಪ್ರಾಯವಾದದ್ದು. ಅಲ್ಲಿ ಸುಣ್ಣಗಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಅಲ್ಲಿಯೇ ಕುಳಿತು ಕೈಗೊಡಲಿಗಳನ್ನು ಮಾಡಿದ್ದರು. ತಿರುಳುಗಲ್ಲು, ಸುತ್ತಿಗೆಗಲ್ಲು, ಅರ್ಧಕ್ಕೆ ಬಿಟ್ಟ ಆಯುಧ, ಉದುರಿದ ಚಕ್ಕೆ, ಎಲ್ಲವೂ ಬಿದ್ದಲ್ಲಿಯೇ ಇದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದೆ ಎಂದು ಗಣಿಸಿದ್ದಾರೆ.

ಆದರೆ ಆಕಾರವೊಂದರಿಂದಲೇ ಕಾಲವನ್ನು ನುಡಿಯುವವರ ಮಾತನ್ನು ನಂಬಬಾರದು. ಸೂಕ್ಷ್ಮ ಶಿಲಾಯುಧಗಳೆಂದರೆ ಕೆಲವೇ ಸಾವಿರ ವರ್ಷಗಳ ಈಚಿನವು ಎಂದು ನಮ್ಮ ಗುರುಗಳ ಕಾಲದ ಪುಸ್ತಕಗಳು ಹೇಳುತ್ತಿದ್ದವು. ಆಂಧ್ರದ ಜ್ವಾಲಾಪುರದ ಕಲ್ಲಾಸರೆಯಲ್ಲಿ ಅವು ಸುಮಾರು 35,000 ವರ್ಷಗಳಷ್ಟು ಹಳೆಯ ಪದರಿನಲ್ಲಿಯೇ ದೊರೆತವು. ಇತ್ತ, ವ್ಹೀಲರ್ ಅವರು 1947ರಲ್ಲಿ ಅಗೆದ ಬ್ರಹ್ಮಗಿರಿಯಲ್ಲಿ ಮಡಕೆ, ನಯಗೊಡಲಿಗಳ ಜೊತೆಗೂ ಸಣ್ಣ ಕಲ್ಲಿನ ಅಲಗುಗಳಿದ್ದವು. ಹೀಗಿರುವಾಗ ಅಂಗೈಯಲ್ಲಿಯ ಒಂದು ಅರ್ಧಚಂದ್ರ ತಾನೊಂದೇ ತನ್ನ ವಯಸ್ಸನ್ನು ಹೇಳಲಾರದು. ಯಾವ ಪದರಿನಲ್ಲಿ, ಯಾವ ವಸ್ತುಗಳ ಸಂಗಡ ಇತ್ತೆಂಬದೇ ಅದರ ಜಾತಕ. ಹಳೆಯ ಕೋಟೆ ಕೊತ್ತಲಗಳ ಬಳಿ ಇನ್ನೊಂದು ಎಚ್ಚರವೂ ಬೇಕು. ಸಿಡಿಮದ್ದಿನ ಹಳೆಯ ಬಂದೂಕುಗಳ ಕುದುರೆಗೆ ಕಚ್ಚಿಸುತ್ತಿದ್ದ ಚೌಕನೆಯ ಚಕಮಕಿಗಳೂ, ಚಿಲುಮೆ ಸೇದುವವರ ಸಂಚಿಯ ಕಲ್ಲುಗಳೂ ಅಲ್ಲಿ ಬಿದ್ದಿರಬಹುದು. ಇವುಗಳ ಅಂಚು ಉಕ್ಕಿಗೆ ತಾಗಿ ತಾಗಿ ಜಜ್ಜಿಹೋಗಿರುವದು. ಇವು ಮೂರು ನೂರು ವರ್ಷದ ವಸ್ತುಗಳು, ಮೂವತ್ತು ಸಾವಿರದವಲ್ಲ.

ಗಡಿನಾಡಿನವರಾದ ನಮಗೆ ಇಲ್ಲಿ ಒಂದು ಆಶೆ ಹುಟ್ಟುವದು ಸಹಜ. ತಾಮ್ರಪಟಕ್ಕಿಂತ ಹಳೆಯ ಸಾಕ್ಷಿ ಸಿಕ್ಕಿತಲ್ಲ, ಇದನ್ನೂ ಕನ್ನಡದ ಖಾತೆಗೆ ಜಮಾ ಮಾಡೋಣವೆಂದು ಉತ್ಸಾಹಿಗಳು ಹೇಳಿಯಾರು. ಆಚೆಯವರೂ ಹಾಗೆಯೇ ಹೇಳಿಯಾರು. ನನಗೆ ಇದು ಸಮ್ಮತವಲ್ಲ. ಈಸಾಂಪುರದ ಕಲ್ಲುಕುಟಿಗನು ಕನ್ನಡವನ್ನೂ ಆಡಲಿಲ್ಲ, ಮರಾಠಿಯನ್ನೂ ಆಡಲಿಲ್ಲ. ಅವನಿಗೆ ನಾವು ಮಾತೆನ್ನುವಂಥ ಮಾತು ಇತ್ತೋ ಇಲ್ಲವೋ ಎಂಬದೇ ಪಂಡಿತರಲ್ಲಿ ವಾದಗ್ರಸ್ತವಾಗಿದೆ. ಶಾಸನದ ಭಾಷೆಯನ್ನು ಕುರಿತು ನಾವು ನಿರ್ಭಯವಾಗಿ ವಾದಿಸಬೇಕು, ಏಕೆಂದರೆ ಅಲ್ಲಿ ಅಕ್ಷರವಿದೆ. ಕಲ್ಲಿನ ಮೊನೆಯನ್ನು ಆ ವಾದಕ್ಕೆ ಎಳೆದರೆ ಶಾಸನದ ವಾದವೂ ದುರ್ಬಲವಾದೀತು.

ಈಗ ಅವಸರದ ಮಾತೊಂದಿದೆ. ಮ್ಹೈಸಾಳದ ಏತ ನೀರಾವರಿಯ ಕಾಲುವೆಗಳು ಜತ್ತದವರೆಗಿನ ಬರಡು ನೆಲವನ್ನು ಸೀಳಿಕೊಂಡು ಹೋಗಿವೆ. ಈ ನೀರು ಬೇಕೇ ಬೇಕು. ಇದರ ಬಗ್ಗೆ ಎರಡು ಮಾತಿಲ್ಲ. ಆದರೆ ಕಾಲುವೆ, ಬಾವಿ, ರಸ್ತೆ, ಇಟ್ಟಿಗೆಯ ಭಟ್ಟಿ ಎಲ್ಲೆಲ್ಲಿ ನೆಲವನ್ನು ಅಗೆಯುವವೋ ಅಲ್ಲಿ ಹಳೆಯ ಪದರುಗಳು ಒಮ್ಮೆ ಮಾತ್ರ ಕಣ್ಣಿಗೆ ಬೀಳುವವು. ಮುಂದೆ ಕಾಂಕ್ರೀಟಿನ ಹಿಂದೆ ಮರೆಯಾಗುವವು. ಮೇಲೆ ಎರೆಮಣ್ಣು, ಅದರ ಕೆಳಗೆ ಹಳದಿ ಮಣ್ಣು, ಅದರ ಅಡಿಯಲ್ಲಿ ಉರುಟು ಗುಂಡುಗಳ ಗರಸು, ಹೀಗೆ ಕಂಡರೆ ಆ ಗರಸನ್ನು ನಿಧಾನವಾಗಿ ನೋಡಬೇಕು. ಮಾಳದ ಗರಸು ನೆಲದಲ್ಲಿ ಮುಂಗಾರಿನ ಮೊದಲ ಎರಡು ಮಳೆಗಳು ಹೋದ ಮೇಲೆ, ಮಣ್ಣು ತೊಳೆದು ಹರಳುಗಳು ಮಿನುಗುವ ಎಂಟು ದಿವಸ ಪ್ರಶಸ್ತವಾದವು.

ಶಾಲೆಯ ಹುಡುಗರು ಚಡ್ಡಿಯ ಕಿಸೆಯಲ್ಲಿ ಕಲ್ಲು ತುಂಬಿಕೊಂಡು ಬಂದು ಮೇಜಿನ ಮೇಲೆ ಸುರಿಯುವದುಂಟು. ಅವರ ಉತ್ಸಾಹವನ್ನು ನಾನು ಮೆಚ್ಚುವೆನಾದರೂ ಸುರಿದ ಕಲ್ಲಿನಿಂದ ಪ್ರಯೋಜನವಿಲ್ಲವೆಂದು ಅವರಿಗೆ ಹೇಳುತ್ತೇನೆ. ಒಂದು ಚಂದದ ಮೊನೆಗಿಂತ ಒಂದೆಡೆ ಗುಂಪಾಗಿ ಬಿದ್ದ ಐವತ್ತು ಕುರೂಪ ಚಕ್ಕೆಗಳು ಹೆಚ್ಚು ಬೆಲೆಯುಳ್ಳವು. ಬಡಗಿ ಮಾಡಿದ ಪೆಟ್ಟಿಗೆ ಯಾವ ಊರಿಗಾದರೂ ಹೋದೀತು. ಕೀಸಿದ ಹೊಟ್ಟು ಮಾತ್ರ ಅವನು ಕುಳಿತಿದ್ದ ಜಾಗದಲ್ಲಿಯೇ ಬಿದ್ದಿರುವದು. ಆದುದರಿಂದ ಕಲ್ಲು ಕಂಡಲ್ಲಿಯೇ ಇರಲಿ. ಹೊಲದ ಸರ್ವೆ ನಂಬರು, ಹಳ್ಳದಿಂದ ಎಷ್ಟು ಹೆಜ್ಜೆ, ಮೇಲಿನಿಂದ ಎಷ್ಟು ಮೊಳ ಆಳ, ಯಾವ ಬಣ್ಣದ ಮಣ್ಣು, ಇಷ್ಟನ್ನು ಕಾಗದದ ಮೇಲೆ ಬರೆದು, ಪಕ್ಕದಲ್ಲಿ ಒಂದು ಅಳತೆಯ ಪಟ್ಟಿಯಿಟ್ಟು ಛಾಯಾಚಿತ್ರ ತೆಗೆದು, ಪುರಾತತ್ತ್ವ ಇಲಾಖೆಗೋ ಪುಣೆಯ ಡೆಕ್ಕನ್ ಕಾಲೇಜಿಗೋ ಒಂದು ಪತ್ರ ಹಾಕಬೇಕು. ಪತ್ರವನ್ನು ಕನ್ನಡದಲ್ಲಿ ಬರೆದರೂ ನಡೆದೀತು. ನಕ್ಷೆ ಮಾತ್ರ ಸ್ವಚ್ಛವಾಗಿರಲಿ, ಉತ್ತರ ದಿಕ್ಕನ್ನು ತೋರಿಸಲು ಮರೆಯಬಾರದು.